ಕಾಲುವೆಗೆ ಬಿಟ್ಟ ಓಲೆಗರಿ

ಕೆಂಭಾವಿ ಬಸ್ಸು ಶಹಾಪುರದ ನಿಲ್ದಾಣದಲ್ಲಿ ನಿಂತೇಬಿಟ್ಟಿತ್ತು. ನನಗೋ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ಇನ್ನೂ ಎಷ್ಟೊತ್ರಿ?" ಎಂದರೆ, "ಅಷ್ಟ್ ಅವಸರ ಇದ್ರ ಮುಂಜಾನಿ ಗಾಡಿಗೇ ಹೋಗಬೇಕಿತ್ತಲ್ರಿ" ಎಂದ ಕಂಡಕ್ಟರ್. ಮೈಯೆಲ್ಲ ಉರಿದುಹೋಯಿತು.

ಆಗ ನಾನು ಯಾದಗಿರಿಯಲ್ಲಿ ಮೇಷ್ಟ್ರು. ಹಳೆಯ ಓಲೆಗರಿಗಳ ಫೋಟೊ ತೆಗೆದಿಡುವ ಹುಚ್ಚು ಹತ್ತಿತ್ತು. ಕೆಂಭಾವಿಯ ಅಜ್ಜಿಯೊಬ್ಬರ ಮನೆಯಲ್ಲಿ ಅಂಥ ಗರಿಗಳ ಒಂದು ಕಟ್ಟು ಇತ್ತು. ಯಾವ ಕಾಲದಲ್ಲೋ ಅವರ ಹಿರಿಯರೊಬ್ಬರು ಕಟ್ಟಿದ ಹಾಡುಗಳು, ಬೇರೆಲ್ಲೂ ಇಲ್ಲದವು. ಕೃಷ್ಣೆಯ ನೀರಿನ ಕಾಲುವೆ ಬಂದ ಮೇಲೆ ಸುತ್ತಲೂ ಭತ್ತದ ಗದ್ದೆ, ಗೋಡೆಗೆಲ್ಲ ತೇವ. ಗೆದ್ದಲು ಗರಿಯ ಅಂಚು ತಿನ್ನತೊಡಗಿತ್ತು. ಹಿಂದಿನ ವಾರ ಹೋಗಿ ಡಿಜಿಟಲ್ ಕ್ಯಾಮೆರಾದಲ್ಲಿ ಒಂದೂ ಬಿಡದೆ ತೆಗೆದಿದ್ದೆ. ಅದರ ಪುಟ್ಟ ಪರದೆಯಲ್ಲಿ ಎಲ್ಲ ಚೆಂದವೇ ಕಂಡಿತ್ತು. ಕಂಪ್ಯೂಟರಿಗೆ ಹಾಕಿ ನೋಡಿದರೆ, ದೇವರೇ, ಮುಕ್ಕಾಲು ಪಾಲು ಬರೀ ಬೋಳು ಗರಿ! ಕೊರೆದ ಅಕ್ಷರಕ್ಕೆ ಕಾಡಿಗೆ ತೀಡಿದರೇ ಅದು ಕಾಣುವುದು. ಹಳೆಯ ಕಾಡಿಗೆ ಅಳಿಸಿಹೋಗಿತ್ತು. ಮತ್ತೆ ತೀಡಿ ಮತ್ತೆ ತೆಗೆಯಬೇಕೆಂದು ಹೊರಟಿದ್ದೆ.

ಅಜ್ಜಿಯ ಮನೆಯಲ್ಲಿ ಹಬ್ಬದ ಅಡುಗೆ. "ಬರ್ರಿ ಸರ, ಹೋಳಗಿ ಮಾಡೀನಿ, ಉಣ್ಣಾಕ ಕೂಡ್ರಿ."

"ಊಟ ಆಮ್ಯಾಲ ಅಮ್ಮಾರ, ಮದಲ ಕಟ್ಟು ಕೊಡ್ರಿ."

"ಇನ್ನೆಲ್ಲಿ ಕಟ್ರಿ? ಇವತ್ತ ಅಮಾಸಿ. ಪೂಜಿ ಮಾಡಿ ಕಾಲುವಿಗಿ ಬಿಟ್ಟು ಬಂದ್ವಿ."

ಆ ಮನೆತನದ ಪದ್ಧತಿಯೇ ಅದಂತೆ: ಹೊಸ ಗರಿಗೆ ನಕಲು ಆದ ಮೇಲೆ ಹಳೆಯದನ್ನು ಕೃಷ್ಣೆಗೆ ಬಿಡುವುದು. ನನ್ನ ಕ್ಯಾಮೆರಾಕ್ಕೆ ಇಳಿಸಿಕೊಂಡಿದ್ದನ್ನು ಅವರು ನಕಲೆಂದೇ ತಿಳಿದಿದ್ದರು. "ಮದಲ ಹೊಳಿತನಕ ಹೋಗಬೇಕಿತ್ರಿ. ಈಗ ಕೃಷ್ಣಿನೇ ಊರ ಬಾಗಲಿಗಿ ಬಂದಾಳ" ಎಂದು ಸಂತೋಷದಿಂದ ಹೇಳಿದರು.

ಕಾಲುವೆಗೆ ಓಡಿದೆ. ದಂಡೆಯುದ್ದಕ್ಕೂ ಹುಚ್ಚನ ಹಾಗೆ ಕಂಟಿಗಳಲ್ಲಿ ಕೈಹಾಕಿ ಹುಡುಕಿದೆ. ಕೆಂಪು ನೀರು ದಡ ತುಂಬಿ ಹೋಗುತ್ತಿತ್ತು, ಏನೂ ಸಿಗಲಿಲ್ಲ. ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು.

ತಿರುಗಿ ಬಂದು, ಫೋಟೊದಲ್ಲಿ ಅಕ್ಷರವೇ ಮೂಡಿಲ್ಲ ಎಂದೆ. ಅಜ್ಜಿ ಮೊದಲು ನಕ್ಕರು. "ಚಾಷ್ಟಿ ಮಾಡಬ್ಯಾಡ್ರಿ ಸರ." ನನ್ನ ಮುಖ ನೋಡಿ ಅಲ್ಲೇ ಕೂತುಬಿಟ್ಟರು.

"ನಮ್ಮ ಮಾವಾರು ನಕಲು ಮುಗಿಸಿ ಹೊಸಾದನ್ನ ಗಟ್ಟಿಯಾಗಿ ಓದಿಸಿ ಕೇಳತಿದ್ರು. ಹಳೀದು ತಾವು ಹಿಡಕೊಂಡು ಸಾಲಿಗಿ ಸಾಲು ಕೂಡಿಸಿ ನೋಡಿ, ಆಮ್ಯಾಲೇ ನೀರಿಗಿ ಬಿಡತಿದ್ರು. ಮನಶ್ಯಾ ಬರದ್ರ ತಪ್ಪಾಗ್ತದ ಅಲ್ರಿ," ಎಂದರು ಅಜ್ಜಿ. "ಇದು ಮಿಶೀನ ಅದ ಅಂತ ನಾ ಓದಿಸಿ ಕೇಳಲಿಲ್ಲ."