ಅವ್ವನ ಮೂರು ಕಲ್ಲು

ಟೆಂಟ್ ಬಿಚ್ಚಿದ್ದೇ ತಡ, ಅವ್ವ ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದಳು: "ಸೊಳ್ಳಿ ಪರದೆ ಏನೋ ಇದು?"

(ಆನ್‌ಲೈನ್‌ನಲ್ಲಿ ತರಿಸಿದ್ದು. ಇಬ್ಬರಿಗೆ ಅಂತ ಬರೆದಿತ್ತು. ನಾನೊಬ್ಬನೇ ಕಾಲು ಮಡಚಿ ಮಲಗಬೇಕು.)

ನಿಮಗೂ ಗೊತ್ತು, ಈಗ ಎಲ್ಲರಿಗೂ ಕ್ಯಾಂಪಿಂಗ್ ಹುಚ್ಚು. ವೀಕೆಂಡ್ ಬಂದರೆ ಸಾಣಾಪುರದ ಕಡೆ ಕಾರುಗಳದ್ದೇ ಜಾತ್ರೆ. ನನಗೂ ಆಸೆಯಾಯಿತು. ರೆಸಾರ್ಟ್ ಬೇಡ, ಕರೆಂಟ್ ಬೇಡ, ಗುಡ್ಡ ಮತ್ತು ಹೊಳೆ ಸಾಕು. ಕೊಪ್ಪಳದ ಮನೆಯಲ್ಲಿ ಮಾತು ತೆಗೆದೆನೋ ಇಲ್ಲವೋ, ಅವ್ವ ಕಂಬಳಿ ಮಡಚಿಕೊಂಡು ನಿಂತೇಬಿಟ್ಟಳು.

"ನಾನೂ ಬರ್ತೀನಪಾ. ಒಂದ ಒಂದ್ ರಾತ್ರಿ ಹೊಳಿ ದಂಡಿಗೆ ಮಲಗಬೇಕು ಅನಸೈತಿ."

ಅನ್ನಿಸದೇ ಇರುತ್ತದೆಯೇ? ಮದುವೆಯಾದಾಗಿನಿಂದ ಅಪ್ಪನ ಮೊಣಕಾಲು ಸೋಲುವವರೆಗೆ ಅವಳದು ಅದೇ ಬದುಕು. ಕುಷ್ಟಗಿಯ ಕಡೆ ಮೇವು ಮುಗಿದರೆ ಕುರಿ ಹೊಡೆದುಕೊಂಡು ಆನೆಗೊಂದಿಯ ಕಡೆ ಬರುವುದು, ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸುವುದು, ಬಯಲಲ್ಲೇ ಮಲಗುವುದು. ಈಗ ಕುರಿಗಳಿಲ್ಲ. ಅಪ್ಪನೂ ಇಲ್ಲ.

ಜಾಗ ಅವ್ವನೇ ತೋರಿಸಿದಳು. ಬಾಳೆ ತೋಟದ ಆಚೆ, ಬಂಡೆಗಳ ನಡುವೆ. ತೋಟದವರನ್ನು ಕೇಳಿದೆವು, ಒಪ್ಪಿದರು. ನಾನು ಟೆಂಟಿನ ಕಡ್ಡಿಗಳ ಜೊತೆ ಕುಸ್ತಿ ಆಡುತ್ತಿದ್ದಾಗ ಬಂಡೆಯ ಮರೆಯಿಂದ ಅವಳ ದನಿ ಬಂತು.

"ಒಲಿ ಇಲ್ಲೇ ಐತಿ, ಬಾರೋ!"

ಮಸಿ ಹಿಡಿದ ಮೂರು ಕಲ್ಲು. ಅದಕ್ಕೇನು ಇಷ್ಟು ಸಂಭ್ರಮ ಅಂದುಕೊಂಡೆ. ಅದರ ಮೇಲೆಯೇ ಝುಣಕ ಬೆಂದಿತು. ಅವ್ವ ಟೆಂಟಿನೊಳಗೆ ಕಾಲಿಡಲಿಲ್ಲ. ಒಲೆಯ ಪಕ್ಕ ಕಂಬಳಿ ಹಾಸಿ ಮಲಗಿದವಳಿಗೆ ಕ್ಷಣದಲ್ಲಿ ನಿದ್ದೆ. ಮನೆಯ ಮಂಚದ ಮೇಲೆ ಅವಳು ಹಾಗೆ ಮಲಗಿದ್ದನ್ನು ನಾನು ನೋಡಿಲ್ಲ. ನಿಜ ಹೇಳಲಾ? ಹೊಟ್ಟೆಕಿಚ್ಚಾಯಿತು.

ಬೆಳಿಗ್ಗೆ ಅವಳು ಮುಖ ತೊಳೆಯಲು ಹೋದಾಗ ನಾನು ಕೆಲಸಕ್ಕಿಳಿದೆ. ಬಂದ ಕುರುಹು ಉಳಿಸಬಾರದು ಅಂತ ಯೂಟ್ಯೂಬ್ ಪಂಡಿತರು ಹೇಳಿದ್ದರಲ್ಲ? ಕವರುಗಳನ್ನು ಆರಿಸಿದೆ. ಬೂದಿಯ ಮೇಲೆ ಮಣ್ಣೆಳೆದೆ. ಮೂರೂ ಕಲ್ಲನ್ನು ಎತ್ತಿ ಹೊಳೆಗೆ ಎಸೆದೆ.

ಅವ್ವ ಬಂದು ಖಾಲಿ ಜಾಗ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಒಲಿ ಕೆಡವಬಾರದೋ. ಕಲ್ಲು ಹಂಗ ಬಿಟ್ಟು, ನಾಕು ಪುಳ್ಳಿ ಇಟ್ಟು ಹೋಗಬೇಕು. ಮುಂದ ಬರೋರಿಗೆ ಬೇಕಲ್ಲ?" ಆಮೇಲೆ ಮೆಲ್ಲಗೆ ಅಂದಳು, "ಅದರಾಗಿನ ಚಪ್ಪಟಿ ಕಲ್ಲು ನಿಮ್ಮಪ್ಪ ಹೊತ್ಕೊಂಡು ಬಂದು ಇಟ್ಟಿದ್ದಪಾ."

ಪ್ಯಾಂಟು ಮಡಚದೇ ನೀರಿಗಿಳಿದೆ. ಕೈಗೆ ಸಿಕ್ಕಿದ್ದೆಲ್ಲ ಬೇರೆ ಕಲ್ಲು.

"ಸಾಕು, ಮ್ಯಾಲ ಬಾ. ಮಡುವು ಐತಿ ಅಲ್ಲಿ."

ನಾನು ತಂದವುಗಳಲ್ಲೇ ಮೂರನ್ನು ಆರಿಸಿ ಅವ್ವ ಒಲೆ ಹೂಡಿದಳು. ಒಣ ಪುಳ್ಳೆ ಆಯ್ದು ಪಕ್ಕದಲ್ಲಿಟ್ಟಳು.

"ಈ ದಾರಿಗೆ ಈಗ ಯಾರು ಬರ್ತಾರ, ಯವ್ವಾ?"

"ನಾವು ಬರೂದಿಲ್ಲೇನು?" ಅಂದಳು. ಕಾರು ಹತ್ತಿದ ಮೇಲೂ ತಿರುತಿರುಗಿ ಅತ್ತಲೇ ನೋಡುತ್ತಿದ್ದಳು.

ಬಂದ ಕುರುಹು ಉಳಿಸಬಾರದಂತೆ. ಅಪ್ಪನದು ಅಲ್ಲಿ ಇದ್ದದ್ದೇ ಅದೊಂದು.