ಅಪ್ಪನ ಇನ್ನೊಂದು ದನಿ

ನನಗೆ ಬರುವ ವಿದ್ಯೆ ಒಂದೇ, ಇನ್ನೊಬ್ಬರ ಹಾಗೆ ಮಾತಾಡುವುದು. ಸತ್ಯನಾರಾಯಣಪೇಟೆಯ ನಮ್ಮ ಓಣಿಗೆ ಬರುವ ಸೊಪ್ಪಿನ ಮುದುಕಿಯ ಕೂಗಿನಿಂದ ಹಿಡಿದು ಕಾಲೇಜಿನ ಪ್ರಿನ್ಸಿಪಾಲರ ಕೆಮ್ಮಿನವರೆಗೆ ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇವೆ. ನನ್ನ ಸ್ವಂತ ದನಿಯ ಬಗ್ಗೆ ಮಾತ್ರ ಕೇಳಬೇಡಿ. ಗ್ಯಾಸ್ ಸಿಲಿಂಡರ್ ಬೇಕೆಂದು ಫೋನ್ ಮಾಡಿದರೆ ಆ ಕಡೆಯವರು ಇವತ್ತಿಗೂ "ಹೇಳ್ರಿ ಮೇಡಂ" ಅಂತಾರೆ.

ಈ ವಿದ್ಯೆಯಿಂದಲೇ ಈ ವರ್ಷದ ಪಂಚಮಿ ಕೆಟ್ಟಿತು. ನಮ್ಮ ಕಡೆ ಪಂಚಮಿ ಅಂದರೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ಅಣ್ಣತಮ್ಮಂದಿರು "ಬಾ" ಅನ್ನಬೇಕು, ಅವರು ಬರಬೇಕು, ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಅಪ್ಪನಿಗೆ ಇರುವವಳು ಒಬ್ಬಳೇ ಅಕ್ಕ, ಸಿರುಗುಪ್ಪದ ನಮ್ಮ ಅತ್ತೆ. ಅಪ್ಪ ಕರೆಯುವ ಮೊದಲೇ ನಾನು ಅವರ ಫೋನಿನಿಂದಲೇ ಹಚ್ಚಿ, ಮೂಗಿನಲ್ಲಿ ಅಪ್ಪನ ಹಾಗೆ ಒಂದು "ಹ್ಞೂಂ" ಎಳೆದು, ಅವರ ದನಿಯಲ್ಲೇ ಹೇಳಿದೆ: "ಅಕ್ಕಾ, ಈ ಸಲ ಬರಬ್ಯಾಡ. ಉಂಡಿ ಕಡಿಮಿ ಅದಾವ. ನೀ ಬಂದ್ರ ಡಬ್ಬಿ ತಳ ಕಾಣ್ತೈತಿ."

ನಗುತ್ತಾಳೆ ಅಂದುಕೊಂಡಿದ್ದೆ. ಅತ್ತೆ "ಆತು ಬಿಡಪ್ಪ" ಎಂದು ಫೋನ್ ಇಟ್ಟಳು. ಹಬ್ಬಕ್ಕೆ ಬರಲಿಲ್ಲ.

ಅತ್ತೆಗೆ ಫೋನ್ ಮಾಡಿ ತಪ್ಪು ಒಪ್ಪಿಕೊಂಡೆ. "ಅಪ್ಪನ್ನ ಉಳಿಸಾಕ ಸುಳ್ಳು ಹೇಳ್ತೀಯೇನಲೇ?" ಎಂದಳು. ಆಮೇಲೆ ಅಪ್ಪ ಸ್ವತಃ ಫೋನ್ ಮಾಡಿ "ಬಾ ಅಕ್ಕಾ" ಎಂದರು. "ಸಾಕು ಮಾಡಲೇ ನಿನ್ನ ಆಟ! ನಿಮ್ಮಪ್ಪ ಇಷ್ಟು ಮೆತ್ತಗ ಯಾವಾಗ ಮಾತಾಡ್ಯಾನ?" ಎಂದು ಕಟ್ ಮಾಡಿಬಿಟ್ಟಳು. ನನ್ನ ನಕಲಿ ಅಪ್ಪ ಅಸಲಿಯಾದ, ಅಸಲಿ ಅಪ್ಪ ನಕಲಿಯಾದರು. ಸಿರುಗುಪ್ಪಕ್ಕೆ ಹೋಗಿ ಕರೆದು ಬರ್ರಿ ಎಂದು ಅವ್ವ ಹೇಳಿದರೆ ಅಪ್ಪ ಸೆಟೆದು ನಿಂತರು. "ಒಡಹುಟ್ಟಿದಾಕಿಗೇ ನನ್ನ ದನಿ ಗುರುತು ಸಿಗಲಿಲ್ಲ ಅಂದ್ರ ಹೋಗಿ ಆಧಾರ್ ಕಾರ್ಡ್ ತೋರಿಸ್ಲೇನು?"

ಆ ಮೇಲೆ ಇಬ್ಬರೂ ಮಾತು ಬಿಟ್ಟರು. ಐವತ್ತು ದಾಟಿದವರ ಟೂ ಮಕ್ಕಳ ಟೂಗಿಂತ ಗಟ್ಟಿ.

ಕೊನೆಗೆ ಕೈ ಹಾಕಿದವಳು ಕುರುಗೋಡಿನ ಅಜ್ಜಿ, ಇವರಿಬ್ಬರನ್ನೂ ಹೆತ್ತವಳು, ಇವತ್ತಿಗೂ ಸಂತೆಯಲ್ಲಿ ಮೆಣಸಿನಕಾಯಿ ಮುರಿದು ಮೂಸಿ ನೋಡದೆ ಕೊಳ್ಳದವಳು. "ಮಣಕಾಲು ನಡಿಯೂದ್ರಾಗ ಸಂಡೂರು ಗುಡ್ಡ ನೋಡಬೇಕು. ಎಲ್ರೂ ಬರ್ರಿ" ಎಂದು ಆಜ್ಞೆ ಹೊರಡಿಸಿದಳು. ಅಜ್ಜಿಗೆ ಇಲ್ಲ ಅನ್ನುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಶ್ರಾವಣದ ಕೊನೆಯ ಶನಿವಾರ ಐದೂ ಜನ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಸೇರಿದೆವು. ಖರ್ಚಿಲ್ಲದ ಪ್ರವಾಸ. ಬುತ್ತಿಗೆ ಕಟ್ಟಿದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರನ್ನ. ಇಳಿದುಕೊಳ್ಳಲು ಛತ್ರದ ಒಂದು ಕೋಣೆ. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಅಜ್ಜಿ ಆಧಾರ್ ಕಾರ್ಡನ್ನು ಕುಂಕುಮದ ಭರಣಿಯಂತೆ ಹಿಡಿದು, "ನಾವು ಸರ್ಕಾರದ ಬೀಗರು. ನೀವಿಬ್ರು ರೊಕ್ಕ ಕೊಡ್ರಿ" ಎಂದು ನಮ್ಮನ್ನು ಹಂಗಿಸಿದಳು. ಕಿಟಕಿಗೆ ಅತ್ತೆ, ನಡುವೆ ಗಡಿಯ ಚೆಕ್‌ಪೋಸ್ಟಿನ ಹಾಗೆ ಅಜ್ಜಿ, ಈ ತುದಿಗೆ ಅಪ್ಪ. ಅಪ್ಪನ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬಿ. ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದರೆ ಕೈಗೇ ಹೊಡೆದರು.

ನಾನು ಕಂಡಕ್ಟರನ ಹಾಗೆ "ಯಾರ್ರೀ ತೋರಣಗಲ್ಲು, ಇಳೀರಿ ಇಳೀರಿ" ಎಂದೆ. ಒಬ್ಬರು ನಿಜವಾಗಿ ಎದ್ದು ನಿಂತರು. ಅತ್ತೆ ಕಿಟಕಿಯ ಕಡೆಯೇ ಮುಖ ಮಾಡಿ, "ಏಮಿರಾ, ಇನ್ನೂ ಎಷ್ಟು ಮಂದಿ ಮನಿ ಕೆಡಸ್ತಿ?" ಎಂದಳು. ಅತ್ತೆ ತೆಲುಗಿಗೆ ಇಳಿದಳೆಂದರೆ ಸಿಟ್ಟು ನೆತ್ತಿಗೇರಿದೆ ಎಂದೇ ಅರ್ಥ.

ಬಳ್ಳಾರಿಯ ಗುಡ್ಡ ನಮಗೆ ಗೊತ್ತು. ಯಾರೋ ಬಂಡೆ ಒಟ್ಟಿ ಮರೆತುಹೋದ ಹಾಗೆ ಬೋಳು. ಮಧ್ಯಾಹ್ನ ಅದರ ಮೇಲೆ ರೊಟ್ಟಿ ಬೇಯಿಸಬಹುದು. ಸಂಡೂರಿನ ಹಾದಿಯಲ್ಲೂ ಮೊದಲು ಕಂಡದ್ದು ಅದಿರಿನ ಲಾರಿಗಳು, ಕೆಂಪು ರಾಡಿ, ಕೆಂಪು ಎಲೆ, ಕೆಂಪು ನಾಯಿ. ಇದನ್ನ ನೋಡಾಕ ಬಂದ್ವೇನು ಎಂದು ನಾನು ಗೊಣಗುತ್ತಿರುವಾಗಲೇ ಬಸ್ಸು ಒಂದು ಕಡೆ ಹೊರಳಿತು.

ಎರಡೂ ಬದಿಗೆ ಹಸಿರು ಎದ್ದು ನಿಂತಿತ್ತು. ಬುಡದಲ್ಲಿ ಕುಂಕುಮದ ಬಣ್ಣದ ಮಣ್ಣು, ಅದರ ಮೇಲೆ ತುದಿ ಕಾಣದ ಹಾಗೆ ಹಸಿರು, ತುದಿಯಲ್ಲಿ ಮೋಡ. ನಾನು ಮೋಡವನ್ನು ಯಾವತ್ತೂ ತಲೆ ಎತ್ತಿ ನೋಡಿದವನು. ಇಲ್ಲಿ ಅದು ಗುಡ್ಡದ ಹೆಗಲಿನ ಮೇಲಿಂದ ಕೆಳಗಿಳಿಯುತ್ತಿತ್ತು, ಎಮ್ಮೆ ಕೆರೆಗೆ ಇಳಿಯುವಷ್ಟು ನಿಧಾನಕ್ಕೆ. ಅದನ್ನು ಅನುಕರಿಸಬೇಕು ಅನಿಸಿತು, ಅದು ನನ್ನ ಚಟ. ಆದರೆ ಮೋಡಕ್ಕೆ ದನಿಯೇ ಇಲ್ಲ. ಬಾಯಿ ತೆರೆದದ್ದು ಹಾಗೇ ಉಳಿಯಿತು. "ನೊಣ ಹೊಕ್ಕೀತು, ಮುಚ್ಚು" ಎಂದಳು ಅವ್ವ. ಆದರೆ ಅವಳ ಕಣ್ಣೂ ಕಿಟಕಿ ಬಿಟ್ಟು ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಗಂಡಿ ನೋಡಲು ಹೋದೆವು. ಗಂಡಿ ಅಂದರೆ ಎರಡು ಗುಡ್ಡಗಳ ನಡುವಿನ ಸಂದು. ದೇವರು ಕುಡುಗೋಲಿನಿಂದ ಒಂದೇ ಏಟಿಗೆ ಸೀಳಿದ ಹಾಗಿತ್ತು. ನಡುವೆ ಹಳ್ಳ ಹರಿಯುತ್ತಿತ್ತು. ಅಜ್ಜಿ ಕೆಳಗೆ ಒಂದು ಬಂಡೆಯ ಮೇಲೆ ಕುಳಿತು, "ಇಷ್ಟು ದೊಡ್ಡದನ್ನ ಮಾಡಿಟ್ಟು ಯಾರಿಗೂ ಹೇಳೇ ಇಲ್ಲಲ್ಲೋ ಶಿವನೇ" ಎಂದು ಕೈ ಮುಗಿದಳು. ಅಪ್ಪ ಡಬ್ಬಿ ಹಿಡಿದುಕೊಂಡು ಅವಳ ಪಕ್ಕ ಕುಳಿತರು. ತಮ್ಮ ಕುಳಿತ ಕಡೆ ತಾನೇಕೆ ಕೂರಬೇಕೆಂದು ಅತ್ತೆ ಒಬ್ಬಳೇ ಕಾಲುದಾರಿ ಹಿಡಿದು ಮೇಲೆ ಹೊರಟಳು.

"ಅಕಿ ಹಿಂದ ಹೋಗು. ಬುತ್ತಿ ಒಯ್ದು ಕೊಡು" ಎಂದು ಅಜ್ಜಿ ನನ್ನನ್ನು ಅಟ್ಟಿದಳು.

ಮೇಲೆ ಒಂದು ಚಪ್ಪಟೆ ಕಲ್ಲಿನ ಮೇಲೆ ಅತ್ತೆ ಕುಳಿತಿದ್ದಳು. ಮೊಸರನ್ನದ ಡಬ್ಬಿ ಬಿಚ್ಚಿ ಕೊಟ್ಟೆ. ಎರಡು ತುತ್ತು ತಿಂದು ಉಳಿದದ್ದನ್ನು ನನ್ನ ಕಡೆ ದೂಡಿದಳು. "ನೀ ಸುಳ್ಳು ಹೇಳಿದ್ಯೋ ಖರೇ ಹೇಳಿದ್ಯೋ ನನಗ ಗೊತ್ತಾಗವಲ್ದು ನೋಡಲೇ" ಎಂದಳು. ಬೈಗುಳಕ್ಕೆ ತಯಾರಾಗಿ ಬಂದಿದ್ದೆ. ಬಂದದ್ದು ಈ ಮೆಲುದನಿ. "ಇನ್ನ ಮ್ಯಾಲೆ ಯಾರು ಕರದ್ರೂ ನೀನೇ ಏನೋ ಅನಸ್ತೈತಿ. ತವರಿಗೆ ಹೆಂಗ ಬರ್ಲಿ?" ನಾನು ಬಾಯಿಗೆ ದೊಡ್ಡದೊಂದು ತುತ್ತು ತುಂಬಿಕೊಂಡೆ.

ಅಷ್ಟರಲ್ಲಿ ಮೋಡ ಇಳಿಯಿತು. ಎದುರಿನ ಗುಡ್ಡ ಹೋಯಿತು, ಹಳ್ಳ ಹೋಯಿತು, ಕೆಳಗಿನ ಮೂವರೂ ಹೋದರು. ಕಲ್ಲು, ಅತ್ತೆ, ನಾನು, ಅಷ್ಟೇ ಉಳಿದೆವು. ರೆಪ್ಪೆಯ ಮೇಲೆ ನೀರು ಕೂತಿತು. ಕೆಳಗೆ ಹಳ್ಳದ ಸದ್ದು ಮಾತ್ರ.

ಆಗ ಬಂತು ಆ ದನಿ.

"ಅಕ್ಕೋ...ವ್!"

ಗುಡ್ಡ ಅದನ್ನು ಹಿಡಿದು ಇನ್ನೊಂದು ಗುಡ್ಡಕ್ಕೆ ಎಸೆಯಿತು. ಕ್ಕೋ...ವ್. ಅದು ತಿರುಗಿ ಎಸೆಯಿತು. ಓ...ವ್.

ಅತ್ತೆ ಥಟ್ಟನೆ ನನ್ನ ಕಡೆ ತಿರುಗಿದಳು. "ಮತ್ತ ಶುರು ಹಚ್ಚಿದೇನಲೇ?" ಎಂದವಳು ನನ್ನ ಮುಖ ನೋಡಿ ನಿಂತಳು. ನನ್ನ ಎರಡೂ ಕೆನ್ನೆಯಲ್ಲಿ ಮೊಸರನ್ನ. ಉಗುಳುವಂತಿಲ್ಲ, ನುಂಗುವಂತಿಲ್ಲ. ಬೆರಳೆತ್ತಿ ಕೆಳಗೆ ತೋರಿಸಿದೆ.

"ಅಕ್ಕೋ...ವ್!" ಈ ಸಲ ದನಿ ಕೊನೆಯಲ್ಲಿ ಸ್ವಲ್ಪ ಒಡೆಯಿತು. ಮೋಡದಲ್ಲಿ ಅಕ್ಕ ಕಾಣಿಸುತ್ತಿಲ್ಲ ಎಂಬ ಹೆದರಿಕೆ ಅದರಲ್ಲಿತ್ತು.

ಅಪ್ಪನ ಸೀನು, ಆಕಳಿಕೆ, ಸಾಹೇಬರ ಮುಂದಿನ ದನಿ, ಅವ್ವನ ಮುಂದಿನ ದನಿ, ಎಲ್ಲ ಕದ್ದವನು ನಾನು. ಅಪ್ಪ ಪೂರ್ತಿ ನನ್ನ ಜೇಬಿನಲ್ಲಿದ್ದಾರೆ ಎಂದು ಮೆರೆದವನು. ಈ ದನಿ ನನ್ನ ಹತ್ತಿರ ಇರಲಿಲ್ಲ. ಇದು ಹತ್ತು ವರ್ಷದ ಹುಡುಗನ ದನಿ. ಅದನ್ನು ಗುಡ್ಡ ನನಗಿಂತ ಚೆನ್ನಾಗಿ ಅನುಕರಿಸುತ್ತಿತ್ತು.

"ಕುರುಗೋಡು ಗುಡ್ಡದಾಗ ಎಮ್ಮಿ ಕಾಯುವಾಗ ಹಿಂಗ ಕರೀತಿದ್ದ" ಎಂದಳು ಅತ್ತೆ, ನನಗಲ್ಲ, ಮೋಡಕ್ಕೆ. "ನಾ ಬಂಡಿಗಲ್ಲಿನ ಹಿಂದ ಹೋದ್ರ ಸಾಕು, ಅಂಜಿ ಕೂಗತಿದ್ದ." ಎದ್ದು ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದಳು. "ಓ...ಯ್! ಉಂಡಿ ಅದಾವೇನಲೇ?"

ಗುಡ್ಡವೂ ಕೇಳಿತು: ಏನಲೇ... ನಲೇ...

ಕೆಳಗಿನಿಂದ ಅಪ್ಪ ಕೂಗಿದರು. "ಅದಾವ... ಬಾ!"

ಬಾ, ಎಂದಿತು ಈಚಿನ ಗುಡ್ಡ. ಬಾ, ಎಂದಿತು ಆಚಿನದು. ಪಂಚಮಿಗೆ ಬಾಕಿ ಉಳಿದ ಒಂದು ಮಾತು ಮೂರಾಗಿ ಬಂತು.

ಅತ್ತೆ ಇಳಿದ ವೇಗಕ್ಕೆ ನಾನು ಡಬ್ಬಿ ಮುಚ್ಚಳ ಹಾಕುವುದಕ್ಕೂ ಆಗಲಿಲ್ಲ. ಕೆಳಗೆ ಬರುವಷ್ಟರಲ್ಲಿ ಅಪ್ಪನ ತೊಡೆಯ ಮೇಲಿನ ಆ ಸ್ಟೀಲ್ ಡಬ್ಬಿ ಅತ್ತೆಯ ಮಡಿಲಿಗೆ ಹೋಗಿತ್ತು. ಪಂಚಮಿಯ ಶೇಂಗಾ ಉಂಡಿ, ಎಳ್ಳುಂಡಿ. ಅವಳ ಪಾಲು ಯಾರೂ ಮುಟ್ಟದೆ ಉಳಿದದ್ದು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನೋಡಿದ್ದರೆ ಅತ್ತುಬಿಡುತ್ತಿದ್ದರು.

ಅತ್ತೆ ಎಲ್ಲಕ್ಕಿಂತ ದೊಡ್ಡ ಉಂಡಿಯನ್ನು ಆರಿಸಿ ನನ್ನ ಬಾಯಿಗೆ ಇಡಿಯಾಗಿ ತುರುಕಿದಳು.

"ಮೊದಲ ಈ ಬಾಯಿ ತುಂಬಲಿ" ಎಂದಳು. "ಇದು ತುಂಬಿದ್ರನ ನಮಗ ಯಾರು ಯಾರು ಅಂತ ಗೊತ್ತಾಗ್ತೈತಿ."