ಹೆಡ್ವಿಗ್ ರಬ್ಬರ್ ಹಚ್ಚದ ಹಾಳೆಗಳು

ಬೆಳಿಗ್ಗೆ ಆರು ಗಂಟೆ. ವೈಡನ್‌ಹಾಲ್ ರಾಜ್ಯ ರಂಗಮಂದಿರದ ವೇದಿಕೆ ಮುಂದಿನ ತಗ್ಗಿನಲ್ಲಿ ಹೆಡ್ವಿಗ್ ಟೀಲೆ ಅರವತ್ತೆರಡು ಸ್ಟ್ಯಾಂಡುಗಳ ಮೇಲೆ ಸ್ವರಹಾಳೆ ಇಡುತ್ತಿದ್ದಾರೆ. ಪ್ರತಿಯೊಂದರ ಜೊತೆ ಒಂದು ಚೂಪಾದ ಪೆನ್ಸಿಲ್. ಹತ್ತಕ್ಕೆ ತಾಲೀಮು. ಭಾನುವಾರದ ಪತ್ರಿಕೆಗೆ ಬರೆಯಲು ಬಂದ ನನ್ನನ್ನು ಕಂಡವರೇ ಮೊದಲು ಕೇಳಿದ್ದು, ಮುಖ್ಯಸ್ಥರ ಆಫೀಸಿನವರು ಕಳಿಸಿದರಾ ಎಂದು. ಅಲ್ಲ ಎಂದೆ. ನಂಬಲಿಲ್ಲ. ಫೋನನ್ನು ಕೋಟಿನಲ್ಲಿ ಬಿಟ್ಟು, ಕೋಟನ್ನು ಹೊರಗೆ ನೇತುಹಾಕಿ ಬರಬೇಕಾಯಿತು. ನಾನೂ ಪೂರ್ವ ಜರ್ಮನಿಯ ಗುಪ್ತ ಪೊಲೀಸರ ಕಾಲದಲ್ಲಿ ಇದೇ ಊರಲ್ಲಿ ಬೆಳೆದವನು, ಬೇಸರವಾಗಲಿಲ್ಲ. ಅವರ ಮೇಲೂ ಒಂದು ಕಣ್ಣಿಟ್ಟೇ ಒಳಗೆ ಹೋದೆ.

ಮೂವತ್ತನಾಲ್ಕು ವರ್ಷದಿಂದ ಫ್ರೌ ಟೀಲೆ, ಅಂದರೆ ಟೀಲೆಯಮ್ಮ, ಈ ವಾದ್ಯವೃಂದದ ಹಾಳೆಗಳನ್ನು ಕಾಯುತ್ತಿದ್ದಾರೆ. ನೆಲಮಾಳಿಗೆಯಲ್ಲಿ ಮೂರು ಸಾವಿರ ಕಟ್ಟುಗಳಿವೆ. ಒಮ್ಮೆ ನೀರಿನ ಪೈಪು ಒಡೆದಾಗ ಹನ್ನೊಂದು ದಿನ ಬಟ್ಟೆ ಒಣಹಾಕುವ ಹಗ್ಗಕ್ಕೆ ಹಾಳೆ ಸಿಕ್ಕಿಸಿ ಒಣಗಿಸಿದ್ದರಂತೆ. ಮೆಟ್ಟಿಲು ಹತ್ತಿಳಿದು ಮಂಡಿ ಸವೆದಿದೆ. ಚಪ್ಪಾಳೆ ಮಾತ್ರ ಇವರ ತನಕ ಬರುವುದಿಲ್ಲ.

ಇಲ್ಲಿನ ವಾದಕರಿಗೆ ಒಂದು ಹಳೆಯ ಚಾಳಿಯಿದೆ. ಪ್ರದರ್ಶನ ಮುಗಿದ ಮೇಲೆ ಕೊನೆಯ ಪುಟದಲ್ಲಿ ತಾರೀಖು, ಹಿಡಿದ ಹೊತ್ತು, ನಡೆಸಿದ ವೃಂದನಾಯಕನ ಹೆಸರು ಬರೆಯುತ್ತಾರೆ. ಪಕ್ಕದಲ್ಲಿ ಮನಸ್ಸಿಗೆ ಬಂದದ್ದೂ ಇರುತ್ತದೆ: ಹೀಟರ್ ಕೆಟ್ಟಿದೆ, ಒಪೆರಾದ ಗಾಯಕಿಗೆ ನೆಗಡಿ, ವೃಂದನಾಯಕನಿಗೆ ಮನೆಗೆ ಹೋಗುವ ಆತುರ. ಯಾರೂ ಬರೆಯಲು ಹೇಳಿಲ್ಲ, ಯಾರೂ ಬೇಡ ಎಂದಿಲ್ಲ.

ಬೇಡ ಎನ್ನುವ ಕಾಲ ಈಗ ಬಂದಿದೆ. ರಂಗಮಂದಿರಕ್ಕೆ ನೂರೈವತ್ತು ತುಂಬುತ್ತಿದ್ದು, ಮುಖ್ಯಸ್ಥ ಡಾಕ್ಟರ್ ಆನ್‌ಸೋರ್ಗೆ ಅವರು ಇತಿಹಾಸದ ಪುಸ್ತಕ ಮಾಡಿಸಿದ್ದಾರೆ. ಅದರಲ್ಲಿ ವೃಂದನಾಯಕ ಯೋಆಖಿಮ್ ರೆಶ್ಕೆ 1977ರಲ್ಲಿ ಅನಾರೋಗ್ಯದಿಂದ ನಿವೃತ್ತರಾದರು ಎಂದಿದೆ. ಅವರ ಜಾಗಕ್ಕೆ ಬಂದ ಹಾಲ್ಟರ್ ಹನ್ನೆರಡು ವರ್ಷ ಆಳಿದವರು. ನವೀಕರಿಸಿದ ಸಭಾಂಗಣಕ್ಕೆ ಅವರದೇ ಹೆಸರು. ಅದರ ಬೆನ್ನಿಗೇ ಫ್ರೌ ಟೀಲೆಗೆ ಆದೇಶ ಬಂತು: ಆ ದಶಕದ ಹಾಳೆಗಳ ಪೆನ್ಸಿಲ್ ಬರಹ ಅಳಿಸಿ ಸ್ಕ್ಯಾನ್ ಮಾಡಿಸಿ, ಆಮೇಲೆ ಹಾಳೆಗಳನ್ನು ರದ್ದಿಗೆ ಹಾಕಿ. ಆ ದಶಕವೇ ಏಕೆ? ನಾನೂ ಮುಖ್ಯಸ್ಥರನ್ನು ಕೇಳಿದೆ. ಕಾಫಿ ಬಗ್ಗಿಸುತ್ತಾ ಸ್ವಚ್ಛತೆ ಎಂಬ ಮಾತನ್ನು ಮೂರು ಸಲ ಹೇಳಿದರು. ನನಗಂತೂ ಆ ಕಾಫಿ ಇಳಿಯಲಿಲ್ಲ.

ಫ್ರೌ ಟೀಲೆ ಕೊನೆಗೂ ನೆಲಮಾಳಿಗೆಗೆ ಕರೆದೊಯ್ದು ಬೀರು ತೆಗೆಯುತ್ತಾರೆ. ವಿಯೋಲಾ ವಾದಕರ ಹಾಳೆಯಲ್ಲಿದೆ: "14 ಮಾರ್ಚ್ 77. ಎರಡನೇ ಅಂಕ ಮುಗಿದ ಮೇಲೆ ಇಬ್ಬರು ಬಂದು ರೆಶ್ಕೆಯನ್ನು ಕರೆದೊಯ್ದರು." ಹಾರ್ನ್‌ನದರಲ್ಲಿ: "ಮೂರನೇ ಅಂಕ ಹಾಲ್ಟರ್. ಅವನಿಗೆ ಇಂದು ರಜೆ." ಡಬಲ್‌ಬಾಸ್‌ನದರಲ್ಲಿ: "ಹಾಲ್ಟರ್ ಬರುವಾಗಲೇ ಪ್ರದರ್ಶನದ ಟೇಲ್‌ಕೋಟು ಹಾಕಿದ್ದ."

"ರಜೆ ದಿನ ಯಾರ್ರೀ ಅದನ್ನ ಹಾಕ್ಕೊಂಡು ಓಡಾಡ್ತಾರೆ?" ಎನ್ನುತ್ತಾರೆ ಫ್ರೌ ಟೀಲೆ. "ಒಬ್ರು ಬರೆದಿದ್ದು ಇನ್ನೊಬ್ರಿಗೆ ಗೊತ್ತಿಲ್ಲ. ಒಟ್ಟಿಗೆ ಓದಿದ್ದು ನಾನೊಬ್ಳೇ."

ಅವರು ಅಳಿಸಿಲ್ಲ. ನಗರದ ದಫ್ತರಖಾನೆಗೆ ಗುಟ್ಟಾಗಿ ಪತ್ರ ಬರೆದಿದ್ದಾರೆ. ಗುರುವಾರ ಅಲ್ಲಿಯವರು ಬಂದು ಕಟ್ಟನ್ನು ಒಯ್ಯುತ್ತಾರೆ. ಭಾನುವಾರ ನೀವಿದನ್ನು ಓದುವಾಗ ಅದು ಅಲ್ಲಿ ಭದ್ರವಾಗಿರುತ್ತದೆ. ಪಿಂಚಣಿಗೆ ಇನ್ನೂ ಎರಡು ವರ್ಷವಿರುವ ಇವರ ಕೆಲಸ ಭದ್ರವೋ, ನಾನರಿಯೆ.

ಕಟ್ಟಿನಿಂದ ಒಂದು ಹಾಳೆಯನ್ನು ಮಾತ್ರ ಅವರು ತೆಗೆದು ಮಗುಚಿ ಇಟ್ಟಿರುವುದು ನನ್ನ ಕಣ್ಣಿಗೆ ಬಿತ್ತು. ಹಾಗಾದರೆ ಇವರೂ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡೆ. ಕೇಳಿಯೇ ಬಿಟ್ಟೆ. ಅದನ್ನು ನನ್ನತ್ತ ತಿರುಗಿಸಿದರು. ಓಬೋ ಎಂಬ ಊದುವ ವಾದ್ಯದ ಹಾಳೆ. ಆ ತಾರೀಖಿನ ಮುಂದೆ ಬರಹವಿಲ್ಲ. ಕಾಗದ ತೆಳುವಾಗುವಷ್ಟು ಉಜ್ಜಿದ ಗುರುತಿದೆ.

"ಇದು ನಮ್ಮಪ್ಪಂದು," ಎಂದರು. "ಬರೆದು ಅಳಿಸಿದ್ದಾರೆ. ಹೆದರಿ ಅಳಿಸಿದ್ರೋ, ರೆಶ್ಕೆನ ಕರ್ಕೊಂಡು ಹೋಗ್ತಾರೆ ಅಂತ ಅವರಿಗೂ ಮೊದ್ಲೇ ಗೊತ್ತಿತ್ತೋ, ನಂಗೆ ತಿಳೀದು. ಸಾಯೋವರೆಗೂ ಕೇಳೋ ಧೈರ್ಯ ಆಗ್ಲಿಲ್ಲ."

ಇದೊಂದನ್ನು ಮನೆಗೆ ಒಯ್ದರೆ ಯಾರಿಗೆ ತಿಳಿಯುತ್ತದೆ ಎಂದೆ. ಆ ಮಾತು ಆಡಬಾರದಿತ್ತು, ನಾಚಿಕೆಯಾಯಿತು. ಅವರು ಹಾಳೆಯನ್ನು ಹಾರ್ನ್ ಮತ್ತು ವಿಯೋಲಾದ ನಡುವೆ ಸೇರಿಸಿ ದಾರ ಬಿಗಿದರು.

"ಬೇರೆಯವರದ್ದು ಉಳಿಸಿ ಅಪ್ಪಂದು ಮಾತ್ರ ಬಚ್ಚಿಟ್ರೆ ನಾನೂ ಆಫೀಸಿನವಳೇ ಆದ ಹಾಗಾಯ್ತಲ್ಲ. ನೀವು ಬರೆಯೋದಾದ್ರೆ ಅವರ ಹೆಸರೂ ಬರೀರಿ. ಗುಂಟ್ರಾಮ್ ಟೀಲೆ, ಓಬೋ."